ಕೋಡಿನ ಮೂಲ, ಕೋಡಿನ ಅರ್ಥ

ನನ್ನ ಹೆಂಡತಿ ದೊಮಿತಿಲ್ಲಾಗೆ ಪಾಂಡಿತ್ಯವೆಂದರೆ ಮೂರು ಕಾಸಿನ ಮರ್ಯಾದೆ ಇಲ್ಲ. ಮೂವತ್ತೊಂದು ವರ್ಷದಿಂದ ಈ ದುಃಖವನ್ನು ಸೂಪಿನ ಜೊತೆ ನುಂಗಿಕೊಂಡು ಬಂದಿದ್ದೇನೆ. ಸಂತ ಮಾರ್ತಿನೊ ಹಬ್ಬದ ಸಮಿತಿಯವರು ಮನೆಗೇ ಬಂದು, "ಎವಾರಿಸ್ತೊ ಮೇಷ್ಟ್ರೇ, 'ಕೊರ್ನೂತೊ' ಅನ್ನೋ ಪದ ಎಲ್ಲಿಂದ ಬಂತು ಅಂತ ಈ ಸಲ ತಾವೇ ಭಾಷಣ ಮಾಡ್ಬೇಕು," ಎಂದು ಅಂಗಲಾಚಿದಾಗಲೂ ಆಕೆ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಭಾಷಣ ಮಾಡಿದ್ರೆ ನಿಮಗೇನು ಎರಡು ಕೋಡು ಮೂಡುತ್ತಾ?" ಎಂದಳು, ಅವರು ಹೋದ ಮೇಲೆ.

(ಈ ಮಾತನ್ನು ತಾವು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.)

ಕೊರ್ನೂತೊ ಎಂದರೆ ಕೋಡುಳ್ಳವನು. ಅರ್ಥಾತ್, ಹೆಂಡತಿ ಇನ್ನೊಬ್ಬನನ್ನು ಕಟ್ಟಿಕೊಂಡಿರುವ ಗಂಡ. ನಮ್ಮ ಅಬ್ರುತ್ಸೊ ಬೆಟ್ಟಗಳಲ್ಲಿ ಬೇರೆ ದಿನ ಈ ಮಾತು ಆಡಿದವನ ಹಲ್ಲು ಬಾಯಲ್ಲಿ ಉಳಿಯುವುದಿಲ್ಲ. ಆದರೆ ನವೆಂಬರ್ ಹನ್ನೊಂದರಂದು, ಹೊಸ ವೈನಿನ ಪೀಪಾಯಿ ತೆರೆಯುವ ದಿನ, ಊರಿನ ಗಂಡಂದಿರೆಲ್ಲ ಎತ್ತಿನ ಕೋಡಿನ ಹಿಂದೆ ಮೆರವಣಿಗೆ ಹೊರಡುತ್ತೇವೆ. ಕೋಲಿನ ತುದಿಗೆ ಕಟ್ಟಿ ಕೆಂಪು ರಿಬ್ಬನ್ ಸುತ್ತಿದ ಆ ಜೋಡಿ ಕೋಡನ್ನು ಹೋದ ವರ್ಷ ಹೊತ್ತವನು ಈ ವರ್ಷ ಹೊರುವವನನ್ನು ಗುಟ್ಟಾಗಿ ಆರಿಸುತ್ತಾನೆ. ಕಟ್ಟಳೆ ಒಂದೇ: ಆರಿಸಿದವನ ಹೆಂಡತಿ 'ಹೂಂ' ಅನ್ನಬೇಕು. ಆಕೆ ಒಲ್ಲೆನೆಂದರೆ ಕೋಡು ಬೇರೆ ಮನೆಗೆ ಹೋಗುತ್ತದೆ. ಗಂಡನನ್ನು ಯಾರೂ ಕೇಳುವುದಿಲ್ಲ.

ಎಲ್ಲ ತಮಾಷೆಗೇ, ನಿಜ. ಆದರೆ ನನ್ನಪ್ಪ ಎರಡು ಸಲ ಹೊತ್ತವನು. ನಾನು ಮೂವತ್ತು ವರ್ಷ ಲ್ಯಾಟಿನ್ ಪಾಠ ಹೇಳಿದರೂ ಊರಿನ ಮುದುಕರ ಬಾಯಲ್ಲಿ ಇವತ್ತಿಗೂ 'ಕೋಡಿನವನ ಮಗ'. ಏನೇ ಆಗಲಿ, ಆ ಕೋಡು ನನ್ನ ತಲೆಗೆ ಬರಬಾರದು ಎಂದು ಮದುವೆಯ ದಿನವೇ ಶಪಥ ಮಾಡಿದ್ದೆ. ಈಗ ಭಾಷಣದ ಭಾಗ್ಯ ಒದಗಿತಲ್ಲ, ನಾನು ಗೆದ್ದೆ ಎಂದುಕೊಂಡೆ. ಉಪನ್ಯಾಸಕನಿಗೆ ಯಾರಾದರೂ ಕೋಡು ಹೊರಿಸುತ್ತಾರೆಯೇ?

ಎರಡು ತಿಂಗಳು ಘನಘೋರ ಸಂಶೋಧನೆ ನಡೆಸಿದೆ. ಊಟದ ಮೇಜು, ಹಜಾರ, ಮುಂಬಾಗಿಲು ಎಲ್ಲವೂ ಗ್ರಂಥಮಯ. ಓದುತ್ತ ಓದುತ್ತ ಒಂದು ವಿಷಯ ಹೊಳೆಯಿತು: ಪುರಾಣದಿಂದ ಇವತ್ತಿನವರೆಗೆ ಹೆಂಡತಿಯ ಮೋಸ ಯಾವ ಗಂಡನಿಗೂ ಮುಂಚೆ ಗೊತ್ತಾಗಿಲ್ಲ. ಅಂದಿನಿಂದ ಸೂಪು ರುಚಿಸಲಿಲ್ಲ.

"ಈ ಮೂಳೆ ಎಲ್ಲಿಂದ ಬಂತು?"

"ಹಸುವಿಂದ."

"ಕೊಟ್ಟಿದ್ದು ಯಾರು ಅಂತ ಕೇಳ್ದೆ."

"ಕಟುಕರ ರುಜ್ಜೆರೊ. ಮೂಳೆ ಏನು ನೋಟರಿ ಕೊಡ್ತಾರಾ?"

"ಪುಕ್ಕಟೆ ಯಾಕೆ ಕೊಟ್ಟ? ಅದೂ ಹಿತ್ತಿಲ ಬಾಗಿಲಿಂದ ಬಂದು?"

"ಮುಂಬಾಗಿಲಲ್ಲಿ ನಿಮ್ಮ ಗ್ರೀಕರು ಅಡ್ಡ ಮಲಗಿದ್ದಾರಲ್ಲ, ಅದಕ್ಕೆ!"

ವಾರ ಕಳೆಯಿತು. ರುಜ್ಜೆರೊ ಏನನ್ನೋ ಗೋಣಿಯಲ್ಲಿ ಸುತ್ತಿಕೊಂಡು ಮತ್ತೆ ನಮ್ಮ ಹಿತ್ತಿಲಿಂದ ಜಾರಿಕೊಳ್ಳುವುದನ್ನು ಕಣ್ಣಾರೆ ಕಂಡೆ. ನೇರವಾಗಿ ಅಡಿಗೆಮನೆಗೆ ಹೋಗಿ ಕೇಳಿಯೇಬಿಟ್ಟೆ: "ದೊಮಿತಿಲ್ಲಾ, ನಿನಗೂ ಅವನಿಗೂ ಏನು?"

ಆಕೆ ಸೌಟು ಕೆಳಗಿಟ್ಟಳು. ಬೈಯುತ್ತಾಳೆಂದು ತಲೆ ತಗ್ಗಿಸಿದೆ. ಬೈಯಲಿಲ್ಲ.

"ಇದನ್ನ ನನ್ನ ಕೇಳ್ತಿದ್ದೀರಾ? ಮೂವತ್ತೊಂದು ವರ್ಷ ಆದ್ಮೇಲೆ?" ಎಂದಳು. ಕಣ್ಣು ಒದ್ದೆಯಾಗಿತ್ತು. ನಾನಾದರೂ 'ತಪ್ಪಾಯಿತು' ಎನ್ನಬೇಕಿತ್ತು. ಬದಲಿಗೆ, "ಸಂಶೋಧಕನಿಗೆ ಪ್ರಶ್ನೆ ಕೇಳುವ ಹಕ್ಕಿದೆ," ಎಂದೆ. (ಹಾಗೆಂದ ನನ್ನ ನಾಲಿಗೆಗೆ ಬೆಂಕಿ ಬೀಳಲಿ.)

ಹಬ್ಬದ ಬೆಳಿಗ್ಗೆ ಚೌಕದ ತುಂಬ ಜನ, ಸುಟ್ಟ ಚೆಸ್ಟ್‌ನಟ್ಟಿನ ಹೊಗೆ. ನಮ್ಮ ಮನೆಯ ಬಾಲ್ಕನಿಯೇ ವೇದಿಕೆ. ನೀರಿನ ಲೋಟ ಹಿಡಿದು ಹಿಂದೆ ನಿಲ್ಲೆಂದು ದೊಮಿತಿಲ್ಲಾಗೆ ಹೇಳಿದ್ದೆ. "ಆಗ್ಲಿ, ನಿಲ್ತೀನಿ," ಎಂದು ಯಾವತ್ತೂ ಇಲ್ಲದ ವಿನಯದಿಂದ ಒಪ್ಪಿದ್ದಳು.

ಶುರು ಮಾಡಿದೆ. ಗೂಳಿಗೆ ಮನಸೋತ ಕ್ರೀಟಿನ ರಾಣಿಯ ಕಥೆ ಹೇಳಿದೆ, ಜನ ನಕ್ಕರು. ತಾನು ಕದ್ದು ಹೋಗಿಬಂದ ಮನೆಗಳ ಬಾಗಿಲಿಗೆ ಜಿಂಕೆಕೋಡು ಕಟ್ಟಿಸುತ್ತಿದ್ದನೆನ್ನಲಾದ ಕಾನ್ಸ್ಟಾಂಟಿನೋಪಲಿನ ಚಕ್ರವರ್ತಿಯ ಕಥೆ ಹೇಳಿದೆ, ಹೊಟ್ಟೆ ಹಿಡಿದುಕೊಂಡರು. ಬೀಜ ಒಡೆಸಿದ ಹುಂಜದ ಜುಟ್ಟಿನಲ್ಲಿ ಅದರ ಕಾಲಿನ ಮುಳ್ಳನ್ನೇ ಕೋಡಿನಂತೆ ನೆಡುತ್ತಿದ್ದ ಸಂಗತಿ ಹೇಳಿದೆ. ಪಾದ್ರಿಗಳು ಕಣ್ಣೊರೆಸಿಕೊಂಡರು. ನನ್ನ ಮಾತಿನಲ್ಲಿ ಇಷ್ಟು ರಸವಿದೆಯೆಂದು ನನಗೇ ಗೊತ್ತಿರಲಿಲ್ಲ. ಮೂವತ್ತು ವರ್ಷ ನನ್ನ ತರಗತಿಯಲ್ಲಿ ಎಚ್ಚರವಾಗಿದ್ದವರೇ ಕಡಿಮೆ.

ಉತ್ತೇಜಿತನಾಗಿ ನನ್ನ ಸ್ವಂತ ಸಿದ್ಧಾಂತವನ್ನು ಮಂಡಿಸಿದೆ: "ಮಹಾಜನಗಳೇ! ಬಾಲ ಅಂತಲ್ಲ, ಗೊರಸು ಅಂತಲ್ಲ, ಕೋಡು ಅಂತಲೇ ಯಾಕೆ ಅಂದರು? ಕೋಡು ಇರೋದು ತಲೆ ಮೇಲೆ. ಊರಿಗೆಲ್ಲ ಕಾಣುತ್ತೆ, ಹೊತ್ತವನೊಬ್ಬನಿಗೆ ಕಾಣೋದಿಲ್ಲ!"

ಚೌಕವೇ ಬಿದ್ದು ಬಿದ್ದು ನಕ್ಕಿತು. ಗಂಟಲು ಒಣಗಿತ್ತು. ತಿರುಗದೆಯೇ ಗಂಭೀರವಾಗಿ ಹಿಂದಕ್ಕೆ ಕೈ ಚಾಚಿದೆ, ಲೋಟಕ್ಕಾಗಿ. ಕೈಗೆ ರಿಬ್ಬನ್ ಸಿಕ್ಕಿತು.

ತಿರುಗಿ ನೋಡಿದೆ. ದೊಮಿತಿಲ್ಲಾ ಎರಡೂ ಕೈಯಲ್ಲಿ ಕೋಲು ಹಿಡಿದು, ಅದರ ತುದಿಯ ಎತ್ತಿನ ಕೋಡನ್ನು ನನ್ನ ನೆತ್ತಿಯ ಮೇಲೆ ನೇರವಾಗಿ ನಿಲ್ಲಿಸಿಕೊಂಡಿದ್ದಳು. ಮೊದಲ ಕಥೆಯಿಂದಲೂ.

ಕೆಳಗಿನಿಂದ ರುಜ್ಜೆರೊ ಕೂಗಿದ: "ಮೇಷ್ಟ್ರೇ, ಹೋದ ವರ್ಷದ ಕೋಡು ನಂದು! ಕೇಳೋಕೆ ನಿಮ್ಮ ಹಿತ್ತಿಲಿಗೆ ಮೂರು ಸಲ ಅಲೆದೆ! 'ನಮ್ಮನೆಯವರು ಅವಮಾನಕ್ಕೇ ಸತ್ತುಹೋಗ್ತಾರೆ, ಬೇಡಪ್ಪಾ' ಅಂತ ಅಕ್ಕ ಎರಡು ಸಲ ವಾಪಸ್ ಕಳಿಸಿದ್ರು!"

"ಮೂರನೇ ಸಲ?" ಎಂದೆ, ದೊಮಿತಿಲ್ಲಾಳತ್ತ ನೋಡುತ್ತ.

"ಮೂರನೇ ಸಲ ಬಂದಿದ್ದು ನೀವು ಅಡಿಗೆಮನೇಲಿ ಆ ಪ್ರಶ್ನೆ ಕೇಳಿದ ಮಾರನೇ ದಿನ," ಎಂದಳು. "ಹೂಂ ಅಂದೆ."

"ದೊಮಿತಿಲ್ಲಾ, ತಪ್ಪಾಯ್ತು ಕಣೇ," ಎಂದೆ. ಭಾಷಣದ ಗುಂಗಿನಲ್ಲಿ ಸ್ವರ ತಗ್ಗಿಸಲು ಮರೆತಿದ್ದೆ; ಇಡೀ ಚೌಕಕ್ಕೆ ಕೇಳಿಸಿತು.

ಆಕೆ ಕೋಲನ್ನು ನನ್ನ ಕೈಗಿತ್ತು, ಟೋಪಿ ಸರಿಪಡಿಸಿ, ಮೆಟ್ಟಿಲಿಳಿಸಿದಳು. ತುತ್ತೂರಿ ಮೊಳಗಿತು. ಊರಿನ ಗಂಡಂದಿರೆಲ್ಲ ಹಿಂದೆ, ಕೋಡಿನವನ ಮಗ ಮುಂದೆ. ಪಕ್ಕದಲ್ಲೇ ಹೆಜ್ಜೆ ಹಾಕುತ್ತಿದ್ದ ದೊಮಿತಿಲ್ಲಾ ಎರಡು ತಿಂಗಳಲ್ಲಿ ಮೊದಲ ಸಲ ನನ್ನನ್ನು ನೋಡಿ ನಕ್ಕಳು.

"ತಲೆ ಎತ್ತಿ ನಡೀರಿ," ಎಂದಳು, "ಎಡಗಡೆ ಕೋಡು ವಾಲ್ತಿದೆ."