ಭೀಮ ತಂದ ಕಾಗೆ

ಯಾರಿಗಾದರೂ ಏನನ್ನಾದರೂ ಕಲಿಸಲು ಹೊರಡುವ ಮುಂಚೆ, ಅವರು ನಿಜವಾಗಿಯೂ ಕಲಿತುಬಿಟ್ಟರೆ ನಮ್ಮ ಗತಿಯೇನು ಎಂದು ಯೋಚಿಸಬೇಕು. ನಾನು ಯೋಚಿಸಲಿಲ್ಲ. ಆಸ್ಪತ್ರೆಯಲ್ಲಿ ಎಷ್ಟೋ ಜೂನಿಯರ್ ಡಾಕ್ಟರುಗಳಿಗೆ ಕಲಿಸಿದ್ದೇನೆ. ಅವರಲ್ಲಿ ಯಾರೂ ಕಲಿತ ಲಕ್ಷಣ ಕಾಣದ್ದರಿಂದ ನನ್ನ ಧೈರ್ಯ ಬೆಳೆದಿತ್ತು. ಆ ಧೈರ್ಯದಲ್ಲೇ ತೊಂಬತ್ತರ ದಶಕದಲ್ಲಿ ಲಂಡನ್ನಿನ ಎಜ್‌ವೇರ್‌ನ ನಮ್ಮ ಮನೆಗೆ ರಿಟ್ರೀವರ್ ಜಾತಿಯ ಒಂದು ನಾಯಿಮರಿ ತಂದೆ. ಹೆಸರು ಭೀಮ. ತಿನ್ನುವುದನ್ನು ನೋಡಿ ಇಟ್ಟ ಹೆಸರು.

ಪಕ್ಕದ ಮನೆಯ ಆರ್ಥರ್ ಪ್ರತಿ ಚಳಿಗಾಲ ತಮ್ಮನ ಹೊಲಕ್ಕೆ ಹೋಗಿ ಹಕ್ಕಿ ಹೊಡೆಯುವ ಮುದುಕ. "ಹೊಡೆದ ಹಕ್ಕಿಯನ್ನು ಹೆಕ್ಕಿ ತರುವ ಜಾತಿ ಇದು, ಕೆಲಸ ಕೊಡದಿದ್ದರೆ ನಿಮ್ಮ ಸೋಫಾ ತಿಂದುಬಿಡುತ್ತದೆ, ಡಾಕ್ಟರ್" ಎಂದು ಹೆದರಿಸಿದ. ಸೋಫಾ ಹೊಸದು. ಮರುದಿನದಿಂದಲೇ ಪಾರ್ಕಿನಲ್ಲಿ ಪಾಠ ಶುರುವಾಯಿತು. ಬಟ್ಟೆಯ ಸುರುಳಿ ಎಸೆಯಬೇಕು, ಸಿಳ್ಳೆ ಹಾಕುವವರೆಗೆ ನಾಯಿ ಕದಲಬಾರದು, ಆಮೇಲೆ ಓಡಿ ತಂದು ಕೈಗೆ ಕೊಡಬೇಕು. "ಬಾಯಿ ಮೆತ್ತಗಿರಬೇಕು. ಹಕ್ಕಿಯ ಒಂದು ಗರಿಯೂ ಮುರಿಯಬಾರದು" ಎನ್ನುತ್ತಿದ್ದ ಆರ್ಥರ್. ಹಕ್ಕಿ ಎಂಬುದು ಬರೀ ಮಾತಿಗೆ ಎಂದುಕೊಂಡಿದ್ದೆ. ಒಂದು ಭಾನುವಾರ ಆ ಸುರುಳಿಗೆ ಪಾರಿವಾಳದ ಎರಡು ರೆಕ್ಕೆ ಕಟ್ಟಿ ನನ್ನ ಕೈಗಿಟ್ಟ! ಮೊಟ್ಟೆಯ ಹೆಸರನ್ನೂ ಎತ್ತದ ಧಾರವಾಡದ ಮನೆಯಲ್ಲಿ ಬೆಳೆದ ಕೈ ಅದು. ಆಪರೇಷನ್ನಿಗೆ ಮುಂಚೆಯೂ ನಾನು ಅಷ್ಟು ಹೊತ್ತು ಕೈ ತೊಳೆದವನಲ್ಲ. ಆದರೆ ಭೀಮ ಅದನ್ನು ಹೂವಿನಂತೆ ತಂದುಕೊಟ್ಟಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ಹೆಮ್ಮೆಯಿಂದ ಎದೆ ಉಬ್ಬಿತು.

ಜೂನ್ ತಿಂಗಳಲ್ಲಿ ಅಪ್ಪನ ಶ್ರಾದ್ಧ ಬಂತು. ಮಡಿಗೆಂದು ಭೀಮನನ್ನು ಆರ್ಥರ್ ಮನೆಗೆ ದಾಟಿಸಿ, ಹಿತ್ತಿಲಲ್ಲಿ ಬಾಳೆ ಎಲೆಯ ಮೇಲೆ ಪಿಂಡವಿಟ್ಟು ಕಾಗೆಗಾಗಿ ಕಾದೆವು. ಕಾಗೆ ಮುಟ್ಟುವವರೆಗೆ ನಮಗೂ ಊಟವಿಲ್ಲ. ಬೇರೆ ದಿನ ಕಸದ ಚೀಲ ಹರಿದು ರಂಪ ಮಾಡುವ ಕಾಗೆಗಳು ಅಂದು ಮರದ ಮೇಲೆ ಕುಳಿತು ನಮ್ಮನ್ನು ನೋಡುತ್ತಿದ್ದವು, ಅಷ್ಟೆ. ಕಾಗೆ ಮುಟ್ಟದಿದ್ದರೆ ಹೋದವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದರ್ಥ. ಅದನ್ನು ನಡೆಸಿಕೊಡುತ್ತೇವೆಂದು ನಾವು ಬಾಯಿಬಿಟ್ಟು ಹೇಳಬೇಕು.

ಹೆಂಡತಿ ವೀಣಾಗೆ ಉತ್ತರ ಸಿದ್ಧವಿತ್ತು. "ನಾಯಿ ಇದ್ದ ಮನಿಗೆ ಮಾವನವರು ಹ್ಯಾಂಗ ಬರ್ತಾರ್ರೀ? ಎಷ್ಟ ಮಡಿ ಅವರದು! ನಾಯಿ ಕಳಸ್ತೇನಿ ಅಂತ ಹೇಳ್ರಿ."

ದಿನವೂ ಡ್ಯೂಟಿ ಮುಗಿಸಿ ಬಂದಾಗ ಬಾಗಿಲಲ್ಲಿ ಕುಣಿಯುವ ಪ್ರಾಣಿ ಅದೊಂದೇ. ಆದರೂ ಕೈಮುಗಿದು, "ಕಳಸ್ತೇನಪ್ಪಾ" ಎಂದೆ. ಹೇಗೂ ಆರ್ಥರ್ ಮನೆಗೆ ಕಳಿಸಿದ್ದೇನಲ್ಲ, ಸಂಜೆ ಕರೆತಂದರಾಯಿತು ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆ.

ಮಾತು ಮುಗಿದಿತ್ತೋ ಇಲ್ಲವೋ, ಬೇಲಿಯ ಕೆಳಗಿಂದ ಭೀಮ ನುಸುಳಿ ಬಂದ. ಬಾಯಲ್ಲಿ ಕಾಗೆ! ಜೀವಂತ ಕಾಗೆ! ಇನ್ನೂ ಹಾರಲು ಬಾರದ ಮರಿ, ಕಣ್ಣು ಪಿಳಿಪಿಳಿ ಬಿಡುತ್ತಿತ್ತು. ಭೀಮ ನೇರ ನನ್ನ ಮುಂದೆ ಕೂತು, ಕಲಿಸಿದಂತೆಯೇ ಅದನ್ನು ನನ್ನ ಮುಗಿದ ಕೈಗೆ ಕೊಟ್ಟ. ಒಂದು ಗರಿಯೂ ಮುರಿದಿರಲಿಲ್ಲ.

"ಅಯ್ಯಯ್ಯೋ, ಮಾವನವರನ್ನ ನಾಯಿ ಕಚ್ಚಿಕೊಂಡ ಬಂತಲ್ರೀ!" ಎಂದು ವೀಣಾ ಚೀರಿದಳು. ಬೇಲಿಯಾಚೆ ಆರ್ಥರ್ ಚಪ್ಪಾಳೆ ತಟ್ಟುತ್ತಿದ್ದ. ನನ್ನ ಕೈಯಿಂದ ಮರಿ ಎಲೆಯ ಮೇಲೆ ಜಾರಿತು. ಅಷ್ಟರಲ್ಲಿ ಮರದ ಮೇಲಿನ ಬಳಗವೆಲ್ಲ ಕೂಗುತ್ತ ನಮ್ಮ ಮೇಲೆರಗಿತು. ಗದ್ದಲದಲ್ಲಿ ಒಂದು ಕಾಗೆ ಪಿಂಡಕ್ಕೆ ಬಾಯಿ ಹಾಕಿತು. ಇನ್ನೊಂದು ಬಂದು ನನ್ನ ನೆತ್ತಿಗೆ ಟಕ್ಕನೆ ಕುಕ್ಕಿತು. ಮರಿ ಕುಪ್ಪಳಿಸಿ ಪೊದೆ ಸೇರಿತು.

"ಮುಟ್ಟಿತು!" ಎಂದು ಕೈಮುಗಿದ ವೀಣಾ, ನನ್ನ ತಲೆ ನೋಡಿ, "ನಿಮಗ್ಯಾಕ ಕುಕ್ಕಿತು?" ಎಂದಳು. ಅಪ್ಪ ನನ್ನ ಮೇಲೆ ಎಂದೂ ಕೈ ಮಾಡಿದವರಲ್ಲ. ಸುಳ್ಳು ಹೇಳಿದಾಗ ಮಾತ್ರ ಬೆರಳ ಗೆಣ್ಣಿನಿಂದ ನೆತ್ತಿಗೆ ಒಂದು ಮೊಟಕು ಕೊಡುತ್ತಿದ್ದರು, ಸರಿಯಾಗಿ ಅದೇ ಜಾಗಕ್ಕೆ. ಎಷ್ಟೋ ವರ್ಷಗಳ ಮೇಲೆ ಬಿದ್ದ ಆ ಮೊಟಕಿಗೆ ಕಣ್ಣಲ್ಲಿ ನೀರು ಬಂತು. ಒಳಗಿನ ಲೆಕ್ಕವನ್ನೆಲ್ಲ ವೀಣಾಳ ಮುಂದೆ ಒಪ್ಪಿಕೊಂಡೆ.

ಅವಳು ಭೀಮನತ್ತ ತಿರುಗಿದಳು. "ಇರಲಿ ಬಿಡ್ರಿ, ಕಳಸಬ್ಯಾಡ್ರಿ. ನೀವು ಕರದ್ರ ಮಾವನವರು ಬರಲಿಲ್ಲ, ಅದು ಹೋಗಿ ಕರಕೊಂಡ ಬಂತು" ಎಂದು ಒಳಗಿನಿಂದ ವಡೆ ತಂದು ಅವನ ಮುಂದಿಟ್ಟಳು. ಅಪ್ಪನ ಊಟವಾಯಿತು, ನಾಯಿಯದು ನಡೆದಿತ್ತು. ನಾನು ನೆತ್ತಿಗೆ ಅಯೋಡಿನ್ ಹಚ್ಚಿಕೊಳ್ಳುತ್ತ ನನ್ನ ಸರದಿಗೆ ಕಾದು ಕೂತೆ.