ಭಾವನ ಬೂಟಿನ ಕೆಂಪು ಮಣ್ಣು

ಪರ್ತ್‌ನಲ್ಲಿ ಬೂಟು ತೊಳೆದವರಿಗೆ ಬೆಲೆಯಿಲ್ಲ, ಗೊತ್ತೇ? ಇದು ನನ್ನ ಮಾತಲ್ಲ, ನಮ್ಮಕ್ಕನ ಗಂಡನ ಸಿದ್ಧಾಂತ! ಗಣಿ ಕೆಲಸದವರೆಂದರೆ ಇಲ್ಲಿನ ಕನ್ನಡಿಗರಿಗೆ ಅಷ್ಟು ಮರ್ಯಾದೆ. ಎರಡು ವಾರ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ, ಬೂಟಿನ ತುಂಬ ಕೆಂಪು ಧೂಳು. ಸೈಟ್‌ನಿಂದ, ಅಂದರೆ ಗಣಿಯಿಂದ, ಬಂದವರೆಂದರೆ ಸಾಕು, ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಮುಂದಿನ ಸಾಲಿನ ಕುರ್ಚಿ ತಾನಾಗಿ ಖಾಲಿಯಾಗುತ್ತದೆ.

ಭಾವನೂ ಭೂವಿಜ್ಞಾನಿಯಾಗಿ ಗಣಿಯಲ್ಲಿ ಆರು ತಿಂಗಳು ದುಡಿದವರೇ. ಗುತ್ತಿಗೆ ಮುಗಿದ ಮೇಲೆ ಇಲ್ಲೇ ಊರೊಳಗಿನ ವೆಲ್ಷ್‌ಪೂಲ್‌ನ ಗೋದಾಮೊಂದರಲ್ಲಿ ಪೆಟ್ಟಿಗೆ ಜೋಡಿಸುವ ಕೆಲಸ ಹಿಡಿದರು. ಆದರೆ ಗಣಿಯಿಂದ ತಂದ ಮಣ್ಣು ಉಪ್ಪಿನಕಾಯಿ ಬಾಟಲಿಯಲ್ಲಿ ಭದ್ರ! ಯಾರ ಮನೆಗೆ ಹೊರಟರೂ ಬೂಟಿಗೆ ಒಂದು ಚಿಟಿಕೆ. ಎಲ್ಲರೂ ಚಪ್ಪಲಿ ಬಿಡುವ ಬಾಗಿಲಲ್ಲಿ ಆ ಬೂಟು ನಟ್ಟನಡುವೆ ಇರಬೇಕು. ಒಮ್ಮೆ ಅಕ್ಕ ಖಾರದಪುಡಿಯೆಂದು ಆ ಮಣ್ಣನ್ನೇ ಹುಳಿಗೆ ಹಾಕಿಬಿಟ್ಟಳು. ಭಾವ ಮರುಗಿದ್ದು ಹುಳಿಗಲ್ಲ, ಮಣ್ಣಿಗೆ.

ಕಷ್ಟವೇನೆಂದರೆ, ಜನರ ಲೆಕ್ಕದಲ್ಲಿ ಎರಡು ವಾರ ಗಣಿಯಲ್ಲಿರಬೇಕಲ್ಲ? ಆ ಶನಿವಾರ, ಭಾನುವಾರಗಳಲ್ಲಿ ಭಾವ ಪರದೆ ಎಳೆದುಕೊಂಡು ಮನೆಯಲ್ಲೇ ಅಡಗಿರುತ್ತಿದ್ದರು. ಯಾರಾದರೂ ಬಾಗಿಲು ಬಡಿದರೆ ಬಚ್ಚಲಿಗೆ ಓಟ! ಅವರ ಚಡಪಡಿಕೆ ನೋಡಿ, ಅದೇ ಮನೆಯಲ್ಲಿರುವ ನನಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಷ್ಟರಲ್ಲಿ ಅವರ ಗಣಿಯ ಕೀರ್ತಿ ಅಡಿಲೇಡ್, ಬ್ರಿಸ್ಬೇನ್ ನೆಂಟರವರೆಗೂ ಹಬ್ಬಿತ್ತು.

ಈ ಸಲ ಯುಗಾದಿ ಕಾರ್ಯಕ್ರಮ ಸರಿಯಾಗಿ 'ಗಣಿ ವಾರ'ಕ್ಕೇ ಬಂತು. ಅಂದೇ ಭಾವನ ಹತ್ತು ವರ್ಷದ ಮಗಳ ಮೊದಲ ಭರತನಾಟ್ಯ. ಹೋದರೆ ಗುಟ್ಟು ರಟ್ಟು, ಹೋಗದಿದ್ದರೆ ಮಗಳ ನೃತ್ಯವಿಲ್ಲ. ಭಾವ ವಾರವಿಡೀ ಹಜಾರದಲ್ಲಿ ಶತಪಥ ಹಾಕಿದರು. ಕೊನೆಗೆ ಮಗಳೇ ಸಮಾಧಾನ ಹೇಳಿದಳು.

"ಇಟ್ಸ್ ಓಕೆ ಅಪ್ಪ. ಐ'ಲ್ ಟೆಲ್ ದೆಮ್ ಯು ಆರ್ ಆನ್ ಸೈಟ್."

ಭಾವನ ಮುಖ ಇಳಿದುಹೋಯಿತು. ತನ್ನ ಸುಳ್ಳನ್ನು ಮಗಳು ಹೊರುತ್ತಿದ್ದಾಳೆಂದು ಅವರಿಗೆ ಆಗಲೇ ಹೊಳೆದದ್ದು.

ಶನಿವಾರ ಮಧ್ಯಾಹ್ನ ಅವಳು ವೇದಿಕೆ ಏರುವ ಹೊತ್ತಿಗೆ ಭಾವ ಓವರ್‌ಟೈಮ್ ಮುಗಿಸಿ ಗೋದಾಮಿನ ಅಂಗಿಯಲ್ಲೇ ಓಡಿಬಂದರು. ಬಾಗಿಲಲ್ಲಿ ಬಿಟ್ಟ ಬೂಟು ತೊಳೆದು ಫಳಫಳ ಹೊಳೆಯುತ್ತಿತ್ತು! ಸಂಘದ ಅಧ್ಯಕ್ಷರು ಸೈಟ್‌ನಿಂದ ಯಾವಾಗ ಬಂದಿರೆಂದು ಕೇಳಿದರು.

"ಸೈಟ್ ಎಲ್ಲಾ ಮುಗ್ದು ಎರಡು ವರ್ಷ ಆಯ್ತು ಸಾರ್. ವೆಲ್ಷ್‌ಪೂಲ್ ಗೋಡೌನಲ್ಲಿದೀನಿ. ಮಗಳು ಡ್ಯಾನ್ಸ್ ಮಾಡ್ತಿದಾಳೆ, ಸ್ವಲ್ಪ ಜಾಗ ಬಿಡಿ, ನೋಡ್ಬೇಕು."

ಅಂದು ಮುಂದಿನ ಸಾಲಿನಲ್ಲಿ ಯಾವ ಕುರ್ಚಿಯೂ ಖಾಲಿಯಾಗಲಿಲ್ಲ. ಭಾವ ಗೋಡೆಗೊರಗಿ ನಿಂತೇ ನೋಡಿದರು.

ಹೊರಗೆ ಬಂದಾಗ ಡಾಂಬರು ಸುಡುತ್ತಿತ್ತು. ಮಗಳು ಬರಿಗಾಲನ್ನು ಅಪ್ಪನ ಬೂಟಿನೊಳಗೆ ತೂರಿಸಿ, ಗೆಜ್ಜೆ ಸದ್ದು ಮಾಡುತ್ತ ಕಾರಿನತ್ತ ನಡೆದಳು. ಭಾವ ಕಾಲುಚೀಲದಲ್ಲೇ ಹಿಂದೆ ಹಿಂದೆ. ನೃತ್ಯಕ್ಕೆಂದು ಅವಳ ಪಾದಕ್ಕೆ ಹಚ್ಚಿದ್ದ ಅಲ್ತ ಬೂಟಿನ ಒಳಗೆಲ್ಲ ಕೆಂಪಗೆ ಮೆತ್ತಿಕೊಂಡಿತು. ಆ ಕೆಂಪನ್ನು ಭಾವ ಇದುವರೆಗೂ ಯಾರಿಗೂ ತೋರಿಸಿಲ್ಲ. ತೊಳೆದೂ ಇಲ್ಲ.