ವಡಾಲದ ಭೂಕಂಪ

ಭಾನುವಾರ ಬೆಳಿಗ್ಗೆ ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದ ಕೇಶವಮೂರ್ತಿ ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅದು ಐವತ್ತಾರನೆಯ ಇಸವಿಯ ಮಳೆಗಾಲ; ಕಚ್ಛದಲ್ಲಿ ಭೂಮಿ ನಡುಗಿ ಇನ್ನೂ ವಾರ ಕಳೆದಿರಲಿಲ್ಲ. ಮುಂಬಯಿಯ ವಡಾಲದ ಆ ಮೂರು ಮಹಡಿಯ ಚಾಳಿನಲ್ಲಿ ಅದೇ ಮಾತು. ಪಕ್ಕದ ಖೋಲಿಯ ಕಾಂತಪ್ಪ, ಹೋಟೆಲಿನ ಭಟ್ಟಿಯಂತೆ ಬೇಗ ಕಾವೇರುವ ಮನುಷ್ಯ, ಹಲ್ಲುಜ್ಜುತ್ತಾ ಕೇಳಿದ:

"ಈ ಭೂಮಿ ಎಂತಕ್ಕೆ ನಡುಗುವುದು ಮಾರಾಯ್ರೆ?"

ಕೇಶವಮೂರ್ತಿ ಆಫೀಸಿನಲ್ಲಿ ಗುಮಾಸ್ತ. ಅಲ್ಲಿ ಯಾರೂ ಅವನನ್ನು ಏನೂ ಕೇಳುತ್ತಿರಲಿಲ್ಲ. ಹಿಗ್ಗಿಹೋದ. "ನೆಲ ಅನ್ನೋದು ನಿಂತಿಲ್ಲ ಸ್ವಾಮಿ, ತೇಲ್ತಾ ಇದೆ ಅಂತ ಒಬ್ಬ ಜರ್ಮನ್ ಪಂಡಿತ ಬರೆದಿದ್ದಾನೆ. ನಮ್ಮ ದೇಶ ಹಿಮಾಲಯದ ಕಡೆ ಹೊರಟಿದೆ."

"ಈಗ ಕೂಡಾ?"

"ಈಗಲೂ. ನೀವು ಹಲ್ಲುಜ್ಜುತ್ತಿರುವಾಗಲೇ."

ಕಾಂತಪ್ಪ ಬಾಯಿ ಕೂಡ ಮುಕ್ಕಳಿಸದೆ ಓಡಿದ.

ಸುದ್ದಿ ಎರಡನೆಯ ಮಹಡಿಗೆ ಇಳಿಯುವಷ್ಟರಲ್ಲಿ ಮುಂಬಯಿ ಹಿಮಾಲಯಕ್ಕೆ ಡಿಕ್ಕಿ ಹೊಡೆಯಲಿತ್ತು. ಕೆಳಗಿನ ಅಂಗಡಿ ತಲುಪಿದಾಗ ಅದಕ್ಕೆ ಮುಹೂರ್ತವೂ ಗೊತ್ತಾಗಿತ್ತು: ಇವತ್ತೇ ಸಂಜೆ. ಮಧ್ಯಾಹ್ನ ಎದುರು ಮನೆಯ ರುದ್ರವ್ವ ಬಂದು ಬಾಗಿಲಲ್ಲಿ ಕೂತಳು.

"ಸಾಹೇಬ್ರ, ಮುಂಬೈ ಹೋಗಿ ಗುಡ್ಡಕ್ಕ ಬಡೀತೈತಂತ, ಖರೇನ್ರಿ?"

"ಅದಕ್ಕೆಲ್ಲಾ ಕೋಟಿ ಕೋಟಿ ವರ್ಷ ಬೇಕು ರುದ್ರವ್ವ."

"ಆ ಕೋಟಿ ವರ್ಷ ಯಾವಾಗ ಸುರು ಆಗ್ಯಾವ್ರಿ?"

ಕೇಶವಮೂರ್ತಿ ತಲೆ ಕೆರೆದುಕೊಂಡ. "ಅದು... ಬಹಳ ಹಿಂದೆಯೇ."

"ಹಂಗಾರ ಇನ್ನೇನು, ಮುಗೀಲಾಕ ಬಂದಾವ!" ರುದ್ರವ್ವ ಬಾಯಿ ಬಡಿದುಕೊಳ್ಳುತ್ತಾ ಎದ್ದಳು.

ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ಟ್ರಂಕು, ಹಾಸಿಗೆ, ತೊಟ್ಟಿಲು, ಗಿಳಿಯ ಪಂಜರ ಎಲ್ಲವೂ ಮರದ ಮೆಟ್ಟಿಲ ಮೇಲೆ ಇಳಿಯತೊಡಗಿದವು. ಜಡಿಮಳೆಯಲ್ಲಿ ಚಾಳಿನೆದುರಿನ ಮೈದಾನದ ತುಂಬಾ ಕೊಡೆಗಳು ಅಣಬೆಗಳ ಹಾಗೆ ಎದ್ದವು. ಕೇಶವಮೂರ್ತಿಯ ಹೆಂಡತಿ ಪಂಕಜಾಳೂ ಕೊಡೆ ಹುಡುಕಿದಳು.

"ನೀನೂನಾ? ನಾನು ಹಾಗೆ ಹೇಳೇ ಇಲ್ಲ ಕಣೇ!"

"ನೀವು ಹೇಳಿದ್ದು ಹೌದಾದ್ರೆ ಜೀವಕ್ಕೆ ಹೆದರಿ ಹೋಗ್ಬೇಕು. ಹೇಳದಿದ್ರೆ, ಊರೆಲ್ಲಾ ಓಡಿಸಿದೋರ ಹೆಂಡ್ತಿ ಅಂತ ನಾಚಿಕೆಗಾದ್ರೂ ಹೋಗ್ಬೇಕು," ಎಂದು ಅವಳು ಇಳಿದುಹೋದಳು.

ಕೇಶವಮೂರ್ತಿ ರೇಗಿಹೋದ. ಏನೂ ಆಗುವುದಿಲ್ಲವೆಂದು ತೋರಿಸಲು ಮೂರನೆಯ ಮಹಡಿಯ ಗ್ಯಾಲರಿಯಲ್ಲಿ ಕುರ್ಚಿ ಹಾಕಿಕೊಂಡು, ಮೈದಾನಕ್ಕೆಲ್ಲಾ ಕಾಣುವಂತೆ ಕಾಲ ಮೇಲೆ ಕಾಲು ಹಾಕಿ ಕೂತ.

ಎಲ್ಲರಿಗಿಂತ ಕೊನೆಗೆ ಇಳಿದವನು ಕಾಂತಪ್ಪ. ಅವನು ಅರೆಯುವ ಕಲ್ಲನ್ನೇ ಹೊತ್ತು ತಂದಿದ್ದ. ಕೆಳಗಿನ ಮೆಟ್ಟಿಲಿಗೆ ಬಂದಾಗ ಕೈಸೋತು ಅದನ್ನು ದೊಪ್ಪೆಂದು ಇಳಿಸಿದ. ಮಧ್ಯಾಹ್ನದಿಂದ ಇಡೀ ಚಾಳನ್ನು ಹೊತ್ತು ಬಳಲಿದ್ದ ಮೆಟ್ಟಿಲಸಾಲು ನರಳಿ, ಮೇಲಿಂದ ಕೆಳಗಿನವರೆಗೂ ಧಡಧಡನೆ ಕುಸಿಯಿತು. ಕಾಂತಪ್ಪ ಹೇಗೋ ಹೊರಗೆ ಹಾರಿದ. ಗೋಡೆಗಳು ನಡುಗಿದವು. ಕೇಶವಮೂರ್ತಿ ಕುರ್ಚಿಯಿಂದ ಉರುಳಿದ.

"ಬಂತು! ಮೂರ್ತಿಯವರು ಹೇಳಿದ ಹಾಗೇ ಬಂತು!" ಕಾಂತಪ್ಪ ಕೆಸರಿನಲ್ಲೇ ಮಂಡಿಯೂರಿದ. ಕೊಡೆಗಳೆಲ್ಲಾ ಗ್ಯಾಲರಿಯ ಕಡೆ ಬಾಗಿದವು.

"ಅದು ಮೆಟ್ಟಿಲು ಕಣ್ರೀ!" ಎಂದು ಕೇಶವಮೂರ್ತಿ ಕಿರುಚಿದ್ದು ಜಯಕಾರದಲ್ಲಿ ಮುಳುಗಿತು. ಇಳಿಯೋಣವೆಂದರೆ ದಾರಿಯಿಲ್ಲ.

ಕೊನೆಗೆ ಬೆಂಕಿ ಆರಿಸುವ ಬಂಬಿನವರು ಬಂದು ಏಣಿ ಹಾಕಿದರು. ಕೆಳಗಿನವರಿಂದ ಮಹಿಮೆ ಕೇಳಿದ್ದ ಮೀಸೆಯ ಜವಾನನೊಬ್ಬ ಮೇಲೇರಿ, ಕೇಶವಮೂರ್ತಿಯನ್ನು ಹೆಗಲಿಗೆ ಹಾಕಿಕೊಂಡ. ಅರ್ಧ ದಾರಿಯಲ್ಲಿ ನಿಂತು ಭಕ್ತಿಯಿಂದ ಕೇಳಿದ:

"ಸಾಹೇಬ್, ಅಬ್ ಕಿಸ್ ಕಾ ನಂಬರ್ ಹೈ?"

ಮುಂದಿನ ಸರದಿ ಯಾವ ಊರಿನದು ಎನ್ನುವುದು ಅವನ ಪ್ರಶ್ನೆ. ಕೇಶವಮೂರ್ತಿಗೆ ಪ್ರಶ್ನೆ ಕೇಳಿಸಲೇ ಇಲ್ಲ. ಏಣಿ ಗಾಳಿಗೆ ತೂಗಾಡುತ್ತಿತ್ತು. ಕಣ್ಣು ಮುಚ್ಚಿ, ಹಲ್ಲು ಕಟಕಟಿಸುತ್ತಾ, "ಮ್... ಮ್... ಅಲ್ಲಾಡ್... ಅಲ್ಲಾಡ್..." ಎಂದ. 'ತಿದೆ' ಎಂಬುದು ಗಂಟಲಲ್ಲೇ ಉಳಿಯಿತು.

ಜವಾನನಿಗೆ ಕನ್ನಡ ಬಾರದು. ಅವನು ಕೆಳಗೆ ತಿರುಗಿ ಗಂಟಲು ಹರಿಯುವಂತೆ ಕೂಗಿದ: "ಮಲಾಡ್! ಅಬ್ ಮಲಾಡ್!"

ಮಲಾಡ್ ಎಂದರೆ ಇದೇ ಮುಂಬಯಿಯ ಇನ್ನೊಂದು ಕಡೆ; ಮೈದಾನದಲ್ಲಿ ಹಾಹಾಕಾರವೆದ್ದಿತು. ಕೇಶವಮೂರ್ತಿಯ ಕಾಲು ನೆಲ ಮುಟ್ಟುವ ಮೊದಲೇ ಪಂಕಜಾ ಅವನ ತೋಳು ಹಿಡಿದಿದ್ದಳು.

"ಅಯ್ಯೋ, ನಮ್ಮಮ್ಮ ಮಲಾಡಲ್ಲೇ ಇರೋದಲ್ಲಾ! ಈಗ್ಲೇ ಲೋಕಲ್ ಹತ್ತಿ ಕರ್ಕೊಂಡು ಬನ್ನಿ. ಭೂಮಿ ನಿಲ್ಲೋ ತನಕ ನಮ್ಮ ಜೊತೇಲೇ ಇರ್ಲಿ."